ಮಾವನ ಗಡ್ಡ, ಅಜ್ಜನ ಕತ್ತಿ

ಹೆಣ್ಣು ಕೊಡುವವರು ಹುಡುಗನ ಮನೆತನ, ಕೆಲಸ, ಕುಡಿತದ ಪ್ರಮಾಣ ಇವುಗಳನ್ನು ವಿಚಾರಿಸುವುದು ಜರ್ಮನಿಯ ಸೋಲಿಂಗೆನ್ ಊರಿನಲ್ಲಿಯೂ ವಾಡಿಕೆ. ಕ್ಷೌರದ ಕತ್ತಿ ಅರೆಯುವ ಎವಾಲ್ಡ್ ಕಿರ್ಷ್‌ಬಾಮ್ ಯಜಮಾನರು ಇವುಗಳಲ್ಲಿ ಒಂದನ್ನೂ ವಿಚಾರಿಸಲಿಲ್ಲ. ಶನಿವಾರ ಸಂಜೆ ವೆಂಡೆಲ್ ಪೀಪರ್ ಅವರ ಮುಂದೆ ಟೋಪಿ ತೆಗೆದು ನಿಂತು, ಅವರ ಮಗಳು ಇರ್ಮೆಲಾಳನ್ನು ಮದುವೆಯಾಗಲು ಅಪ್ಪಣೆ ಬೇಡಿದಾಗ ಅವರು ತಮ್ಮ ಕೊರಳನ್ನೊಮ್ಮೆ ಸವರಿಕೊಂಡರು.

"ನಾಳೆ ಮಧ್ಯಾಹ್ನ ಕಾಫಿ ಹೊತ್ತಿಗೆ ಮುಂಚೆ ಬಾ. ನಿಮ್ಮ ಮನೆ ಕ್ಷೌರದ ಕತ್ತಿ ತಗೊಂಡು ಬಾ. ನನ್ನ ಗಡ್ಡ ನೀನು ತೆಗೀಬೇಕು. ಕೊರಳು ಒಪ್ಪಿಸೋಕೆ ಆಗದವನಿಗೆ ಮಗಳನ್ನ ಹೇಗಯ್ಯ ಒಪ್ಪಿಸೋದು?"

ಈ ಮಾತನ್ನು ಅವರು ಹೇಳಿದ್ದು ಇದೇ ಮೊದಲಲ್ಲ. ವೆಂಡೆಲ್‌ನಿಗಿಂತ ಮುಂಚೆ ಔಷಧದಂಗಡಿಯವನೊಬ್ಬ ಬಂದಿದ್ದನಂತೆ. ಯಜಮಾನರ ಗಲ್ಲಕ್ಕೆ ನೊರೆ ಹಚ್ಚುವಷ್ಟರಲ್ಲಿಯೇ ಅವನು ಕುಂಚ ಕೆಳಗಿಟ್ಟು, ಕೋಟನ್ನು ಅಲ್ಲಿಯೇ ಬಿಟ್ಟು ಹೋದನಂತೆ. ಆ ಕೋಟು ಇನ್ನೂ ಗೂಟದಲ್ಲಿ ನೇತಾಡುತ್ತಿತ್ತು. ಅದನ್ನು ನೋಡುತ್ತಲೇ ವೆಂಡೆಲ್ ಆಗಲಿ ಎಂದು ಒಪ್ಪಿಕೊಂಡು ಬಂದಿದ್ದ.

ವೆಂಡೆಲ್‌ನ ಉದ್ಯೋಗ ನಗರದ ನೀರಿನ ಮೀಟರುಗಳನ್ನು ಪರೀಕ್ಷಿಸುವುದು. ಅವನ ಮನೆತನದವರು ಕೊಡೆಗೆ ಕಡ್ಡಿ ಮಾಡಿದವರು. ಇಡೀ ಊರು ಕತ್ತಿ, ಚಾಕು, ಕತ್ತರಿಗಳಲ್ಲಿ ಹೆಸರು ಮಾಡುತ್ತಿದ್ದಾಗ ಇವರು ಮಳೆಗಾಲವನ್ನು ನಂಬಿ ಬದುಕಿದವರು. ಅವನು ಪ್ರತಿದಿನ ಗಡ್ಡ ತೆಗೆಯುತ್ತಿದ್ದುದು ಜೀರುಂಡೆಯಂತೆ ಗುಂಯ್ಗುಡುವ ವಿದ್ಯುತ್ ಯಂತ್ರದಿಂದ. ಅಜ್ಜನ ಕಾಲದ ಮಡಚುವ ಕತ್ತಿಯೊಂದು ಅಟ್ಟದ ಪೆಟ್ಟಿಗೆಯಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು. ಅದರ ಅವಸ್ಥೆ ಏನೆಂಬುದು ಗೊತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ಪೆಟ್ಟಿಗೆ ತೆರೆದಾಗ ಗೊತ್ತಾಯಿತು. ಅಲಗಿನ ಬೆನ್ನ ಮೇಲೆ ತುಕ್ಕು ದಾಲ್ಚಿನ್ನಿ ಪುಡಿಯ ಹಾಗೆ ಕೂತಿತ್ತು. ಕೊಂಬಿನ ಹಿಡಿಯನ್ನು ಹುಳು ತಿಂದಿತ್ತು. ಕೀಲಿನ ಮೊಳೆ ಸಡಿಲವಾಗಿ, ಕತ್ತಿ ಮುದುಕನ ಹಲ್ಲಿನಂತೆ ಅಲ್ಲಾಡುತ್ತಿತ್ತು. ಆದರೂ ಅದನ್ನು ಬೆಳಕಿಗೆ ಹಿಡಿದಾಗ ವೆಂಡೆಲ್‌ನಿಗೆ ಭಯಕ್ಕಿಂತ ಮೊದಲು ಕುತೂಹಲವೇ ಹುಟ್ಟಿತು. ಬೆನ್ನಿನ ಹತ್ತಿರ ದಪ್ಪಗಿದ್ದ ಉಕ್ಕು ಎರಡೂ ಬದಿಯಲ್ಲಿ ಒಳಕ್ಕೆ ಬಾಗಿ ಬಾಗಿ, ಬಾಯಿಯ ಹತ್ತಿರ ಇದೆಯೋ ಇಲ್ಲವೋ ಎಂಬಷ್ಟು ತೆಳುವಾಗಿ ಮುಗಿದಿತ್ತು. ಉಗುರಿನಿಂದ ಮೆಲ್ಲನೆ ತಟ್ಟಿದ. ಅಷ್ಟೊಂದು ತುಕ್ಕಿನ ನಡುವೆಯೂ ಅದು ಸಣ್ಣಗೆ ನಾದ ಮಾಡಿತು.

ಒಂದು ಬಟ್ಟಲಲ್ಲಿ ಎಣ್ಣೆ, ಇನ್ನೊಂದರಲ್ಲಿ ಒಲೆಯ ಬೂದಿ ಇಟ್ಟುಕೊಂಡು ಅವನು ಮೆಟ್ಟಿಲ ಮೇಲೆ, ಕಿಟಕಿಯ ಬೆಳಕಿನಲ್ಲಿ ತಿಕ್ಕಲು ಕೂತ. ಆ ಮನೆಯಲ್ಲಿ ಮೆಟ್ಟಿಲ ಮೇಲೆ ಕೂತದ್ದೇ ತಪ್ಪಾಯಿತು. ಅದು ಎಲ್ಲರೂ ಓಡಾಡುವ ಜಾಗ. ಮೇಲಾಗಿ ಸೋಲಿಂಗೆನ್‌ನಲ್ಲಿ ಒಬ್ಬ ಕತ್ತಿ ತಿಕ್ಕುತ್ತಿರುವುದನ್ನು ನೋಡಿಯೂ ಸುಮ್ಮನೆ ಹೋಗುವ ಮನುಷ್ಯ ಇನ್ನೂ ಹುಟ್ಟಿಲ್ಲ.

ಮೊದಲು ಬಂದವರು ಮೇಲಿನ ಮನೆಯ ಅಡೆಲೆ ಚಿಕ್ಕಮ್ಮ. ಗಂಡ ತೀರಿಕೊಂಡ ಮೇಲೂ ಕಾರ್ಖಾನೆಯಲ್ಲಿ ಅಲಗುಗಳಿಗೆ ಹೊಳಪು ಕೊಡುತ್ತಾ ಮುಪ್ಪಾದವರು. ವೆಂಡೆಲ್ ಚಿಕ್ಕವನಿದ್ದಾಗಿನಿಂದ ಅವರನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದ. ಚರ್ಚಿಗೆ ಹೊರಟಿದ್ದ ಅವರು ಬೂದಿಯ ಬಟ್ಟಲನ್ನು ಕಂಡು ನಿಂತರು. ವಿಷಯ ಏನೆಂದು ಕೇಳಿ ತಿಳಿದುಕೊಂಡರು. ಪ್ರಾರ್ಥನಾ ಪುಸ್ತಕವನ್ನು ಅವನ ಕೈಗಿಟ್ಟು ಕತ್ತಿಯನ್ನು ತಾವು ತೆಗೆದುಕೊಂಡರು.

"ಪಾತ್ರೆ ಬೆಳಗೋ ಹಾಗೆ ಬೆಳಗ್ತಿದೀಯಲ್ಲೋ ಮಗನೇ. ಇದೇನು ಸೌಟೇ?"

ಅಡೆಲೆ ಚಿಕ್ಕಮ್ಮ ಅವನನ್ನು ಮೇಲಕ್ಕೆ ಕರೆದುಕೊಂಡು ಹೋದರು. ಅವರ ಅಡಿಗೆಮನೆಯ ಮೂಲೆಯಲ್ಲಿ, ಹೊಲಿಗೆಯಂತ್ರ ಇರಬೇಕಾದ ಜಾಗದಲ್ಲಿ, ಚರ್ಮ ಸುತ್ತಿದ ಹೊಳಪಿನ ಚಕ್ರವೊಂದಿತ್ತು. ಆದರೆ ಭಾನುವಾರ ಯಂತ್ರ ತಿರುಗಿಸಿ ಸದ್ದು ಮಾಡುವುದನ್ನು ಜರ್ಮನ್ ನೆರೆಹೊರೆ ಕೊಲೆಗಿಂತ ಸ್ವಲ್ಪವೇ ಕಡಿಮೆ ಎಂದು ಭಾವಿಸುತ್ತದೆ. ಅವರು ಕಿಟಕಿಗಳನ್ನೆಲ್ಲ ಮುಚ್ಚಿ, ರೇಡಿಯೋದಲ್ಲಿ ಭಾನುವಾರದ ಪ್ರಾರ್ಥನೆಯನ್ನು ಗಟ್ಟಿಯಾಗಿ ಇಟ್ಟು, ಸಭೆಯವರು ಎದ್ದು ಹಾಡುವಾಗ ಮಾತ್ರ ಚಕ್ರ ತಿರುಗಿಸಿದರು. ಪಾದ್ರಿ ಉಪದೇಶ ಮಾಡುವಾಗ ನಿಲ್ಲಿಸಿ, ಅಲಗನ್ನು ನೀರಿಗೆ ಅದ್ದಿ ತಣಿಸಿದರು. ಉಕ್ಕು ಬೆರಳಿಗೆ ಬಿಸಿ ಹತ್ತುವಷ್ಟು ಕಾಯಬಾರದು, ಕಾಯ್ದು ಬಣ್ಣ ತಿರುಗಿದರೆ ಅದರ ಜೀವ ಹೋದ ಹಾಗೆಯೇ, ಆಮೇಲೆ ಎಷ್ಟು ಮಸೆದರೂ ಬಾಯಿ ನಿಲ್ಲುವುದಿಲ್ಲ ಎಂದು ವಿವರಿಸಿದರು. ಅಂದಿನ ಉಪದೇಶ ದೀರ್ಘವಾಗಿದ್ದುದರಿಂದ ಅಲಗು ಸುರಕ್ಷಿತವಾಗಿ ಉಳಿಯಿತು. ಕೊನೆಯ ಹಾಡು ಮುಗಿಯುವಾಗ ಅದರಲ್ಲಿ ಕಿಟಕಿಯ ಪರದೆಯ ಹೂವು ಕೂಡ ಕಾಣುತ್ತಿತ್ತು.

ತನ್ನ ಕೈಗೆ ಕೆಲಸವೇ ಸಿಗಲಿಲ್ಲವಲ್ಲ ಎಂದು ವೆಂಡೆಲ್‌ನಿಗೆ ಸ್ವಲ್ಪ ಕಸಿವಿಸಿಯಾಯಿತು. ಆದರೆ ಕತ್ತಿ ಅವನ ಕೈಗೆ ಮರಳಿ ಬರುವ ಮುನ್ನವೇ ಎದುರು ಮನೆಯ ಎಮಿಲಣ್ಣ ಒಳಗೆ ಬಂದಿದ್ದ. ಹಾಡಿನ ಕೆಳಗೆ ಚಕ್ರದ ಸದ್ದನ್ನು ಅವನ ಕಿವಿ ಗುರುತಿಸಿತ್ತು. ಎಮಿಲಣ್ಣ ಹಿಡಿ ಕೂರಿಸುವವನು. ಅಲಗನ್ನು ಅವನು ನೋಡಲೇ ಇಲ್ಲ. ಹುಳು ತಿಂದ ಹಿಡಿಯನ್ನು ಮಾತ್ರ ನೋಡಿ, ಇಂಥ ಹಿಡಿಯೊಂದಿಗೆ ಹೆಣ್ಣು ಕೇಳಲು ಹೋಗುವುದು ಹರಿದ ಚಡ್ಡಿಯಲ್ಲಿ ಹೋದ ಹಾಗೆ ಎಂದ. ತನ್ನ ಮೇಜಿನ ಖಾನೆಯಿಂದ ಎಮ್ಮೆಕೊಂಬಿನ ಹೊಸ ಹಿಡಿ ತಂದ. ಹಿತ್ತಾಳೆಯ ಮೊಳೆಯನ್ನು ತಟ್ಟಿ ಬಾಗಿಸಬೇಕು. ಅದಕ್ಕೂ ಸದ್ದು ಆಗುತ್ತದೆ. ಎಮಿಲಣ್ಣ ಪುಟ್ಟ ಸುತ್ತಿಗೆಯನ್ನು ಎತ್ತಿ ಹಿಡಿದು ಕಾದ. ಚರ್ಚಿನ ಗಂಟೆ ಬಾರಿಸತೊಡಗಿದಾಗ, ಒಂದೊಂದು ಗಂಟೆಗೆ ಒಂದೊಂದು ಏಟಿನಂತೆ ತಟ್ಟಿದ. ಗಂಟೆ ನಿಂತಾಗ ಮೊಳೆ ಕೂತಿತ್ತು. ಕತ್ತಿ ಈಗ ಮಡಚಿದರೆ ಮಡಚುತ್ತಿತ್ತು, ತೆರೆದರೆ ತೆರೆದಲ್ಲಿಯೇ ನಿಲ್ಲುತ್ತಿತ್ತು.

ನೆಲಮಾಳಿಗೆಯ ಕುನೋ ತಾತ ಬಂದದ್ದು ಜಗಳದೊಂದಿಗೆ. ಮಸೆಯುವುದು ಅವರ ಕಸುಬು. ಹಿಡಿ ಕೂರಿಸುವ ಮುಂಚೆ ಮಸೆಯಬೇಕಿತ್ತೆಂದು ಅವರು, ಕೂರಿಸಿದ ಮೇಲೆಯೇ ಮಸೆಯುವುದು ಕ್ರಮವೆಂದು ಎಮಿಲಣ್ಣ, ಇಬ್ಬರಿಗೂ ಬುದ್ಧಿ ಇಲ್ಲವೆಂದು ಅಡೆಲೆ ಚಿಕ್ಕಮ್ಮ ವಾದಿಸಿದರು. ಇದು ಈ ಊರಿನ ಹಳೆಯ ರೋಗ. ಇಲ್ಲಿ ಒಂದು ಕತ್ತಿ ಕಮ್ಮಾರನಿಂದ ಅರೆಯುವವನಿಗೆ, ಅವನಿಂದ ಹೊಳಪಿನವರಿಗೆ, ಅವರಿಂದ ಹಿಡಿಯವನಿಗೆ ಕೈಯಿಂದ ಕೈಗೆ ಹೋಗುತ್ತಾ ಹುಟ್ಟುತ್ತದೆ. ಪ್ರತಿಯೊಬ್ಬನೂ ತನ್ನ ಹಂತವನ್ನು ಬಲ್ಲ. ಉಳಿದ ಹಂತದವರು ಕತ್ತಿಯನ್ನು ಹಾಳು ಮಾಡುವುದಕ್ಕೆಂದೇ ಇದ್ದಾರೆಂದು ತಿಳಿಯುತ್ತಾನೆ.

ಕುನೋ ತಾತ ಹಳದಿ ಕಲ್ಲಿನ ಮೇಲೆ ನೀರು ಚಿಮುಕಿಸಿ, ಅಲಗನ್ನು ಚಪ್ಪಟೆಯಾಗಿ ಮಲಗಿಸಿ, ಬಾಯಿ ಮುಂದಾಗಿ ತಳ್ಳಿದರು. ತುದಿಯಲ್ಲಿ ಬೆನ್ನ ಮೇಲೆ ಹೊರಳಿಸಿ ಹಿಂದಕ್ಕೆ ಎಳೆದರು. ಮಾತಿಲ್ಲ, ಅವಸರವಿಲ್ಲ. ವೆಂಡೆಲ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅಲಗಿನ ಮುಂದೆ ನೀರಿನ ಸಣ್ಣ ಅಲೆಯೊಂದು ಸರಿಯುವುದನ್ನು ನೋಡಿದ. ಮೊದಮೊದಲು ಅಲೆ ಅಲಗಿನ ಮುಂದೆ ಓಡುತ್ತಿತ್ತು. ಬಾಯಿ ಹರಿತವಾಗುತ್ತ ಬಂದ ಹಾಗೆ ನೀರು ಅಲಗಿನ ಮೇಲೇರಿ ಬರತೊಡಗಿತು. ನೀರನ್ನು ಅಳೆಯುವುದೇ ಉದ್ಯೋಗವಾಗಿದ್ದ ಅವನು ಇಷ್ಟು ದಿನದಲ್ಲಿ ನೀರು ಇಂಥದೊಂದು ಸಾಕ್ಷಿ ಹೇಳುವುದನ್ನು ಕಂಡಿರಲಿಲ್ಲ. ಒಮ್ಮೆ ತಾನೂ ತಳ್ಳಿ ನೋಡಲೇ ಎಂದು ಕೇಳಿದ. ತಾತ ಅವನಿಗೆ ಬೆನ್ನು ತಿರುಗಿಸಿ ಕೂತರು.

ತೊಗಲಿನ ಪಟ್ಟಿಯ ಮೇಲೆ ಹಿಂದೆ ಮುಂದೆ ಸವರಿದ್ದಾದ ಮೇಲೆ ಪರೀಕ್ಷೆ. ಅಡೆಲೆ ಚಿಕ್ಕಮ್ಮ ತಮ್ಮ ತಲೆಯಿಂದ ಒಂದು ಬಿಳಿಗೂದಲು ಕಿತ್ತು, ಎರಡು ಬೆರಳಲ್ಲಿ ಇಳಿಬಿಟ್ಟರು. ತಾತ ಅದನ್ನು ಅಲಗಿಗೆ ತಾಗಿಸಿದರೋ ಇಲ್ಲವೋ, ಕೂದಲಿನ ಅರ್ಧ ಸದ್ದಿಲ್ಲದೆ ನೆಲಕ್ಕೆ ಇಳಿಯಿತು. ನಾಲ್ವರೂ ಬಗ್ಗಿ ಅದನ್ನು ನೋಡಿದರು. ಆವರೆಗಿನ ಜಗಳ ಅಲ್ಲಿಗೆ ಮುಗಿಯಿತು.

ಆಗ ವೆಂಡೆಲ್ ಕೇಳಿದ: "ಸರಿ, ಇದರಲ್ಲಿ ಗಡ್ಡ ತೆಗೆಯೋದು ಹೇಗೆ ಅಂತ ಯಾರು ಹೇಳಿಕೊಡ್ತೀರಿ?"

ಎಮಿಲಣ್ಣ ಬಳಸುತ್ತಿದ್ದುದು ವೆಂಡೆಲ್‌ನಂಥದೇ ವಿದ್ಯುತ್ ಯಂತ್ರವನ್ನು. ಕುನೋ ತಾತನ ಗಡ್ಡ ಎದೆಯ ಗುಂಡಿಯವರೆಗೆ ಇಳಿದಿತ್ತು. ಯೌವನದಲ್ಲಿ ಬಿಟ್ಟದ್ದು, ಮತ್ತೆ ಅದರ ಗೊಡವೆಗೆ ಹೋದವರಲ್ಲ. ಇಬ್ಬರೂ ಅಡೆಲೆ ಚಿಕ್ಕಮ್ಮನ ಕಡೆ ನೋಡಿದರು.

"ನನ್ನ ಮುಖ ಯಾಕೋ ನೋಡ್ತೀರಿ?" ಎಂದರು ಅವರು.

ಗೊತ್ತಿಲ್ಲ ಎಂಬುದು ಸಲಹೆ ಕೊಡುವುದಕ್ಕೆ ಅಡ್ಡಿಯಾಗಲಿಲ್ಲ. ಮೊದಲು ಬಲೂನಿನ ಮೇಲೆ ಕೈ ಪಳಗಿಸಬೇಕೆಂದು ಎಮಿಲಣ್ಣ ಎಲ್ಲಿಯೋ ಕೇಳಿದ್ದ. ಅಡೆಲೆ ಚಿಕ್ಕಮ್ಮನ ಮೊಮ್ಮಗಳ ಹುಟ್ಟುಹಬ್ಬದಲ್ಲಿ ಮಿಕ್ಕ ಬಲೂನುಗಳಿದ್ದವು. ಊದಿ, ಸಾಬೂನಿನ ನೊರೆ ಬಳಿದು, ತಾತ ಒಂದನ್ನು ಮಗುವಿನಂತೆ ತೊಡೆಯ ಮೇಲೆ ಹಿಡಿದರು. ಮೊದಲನೆಯದು ಕತ್ತಿ ತಾಗಿದ ಕೂಡಲೇ ಒಡೆಯಿತು. ಎರಡನೆಯದು ತಾಗುವ ಮುಂಚೆಯೇ, ತಾತನ ಹಿಡಿತಕ್ಕೆ ಒಡೆಯಿತು. ನೊರೆ ಚಾವಣಿಗೆ ಹೋಯಿತು, ತಾತನ ಗಡ್ಡಕ್ಕೆ ಹೋಯಿತು, ಗೋಡೆಯ ಮೇಲಿನ ಚಿಕ್ಕಮ್ಮನ ದಿವಂಗತ ಗಂಡನ ಚಿತ್ರಕ್ಕೂ ಹೋಯಿತು. ಕೆಳಗಿನ ಮನೆಯವರು ಪೊರಕೆಯ ಕೋಲಿನಿಂದ ತಮ್ಮ ಚಾವಣಿಯನ್ನು ಕುಟ್ಟಿ, ಇದು ಭಾನುವಾರವೆಂದು ನೆನಪಿಸಿದರು. ಆದರೆ ಮೂರನೆಯ ಬಲೂನಿನಲ್ಲಿ ವೆಂಡೆಲ್‌ನಿಗೆ ಒಂದು ವಿಷಯ ಹೊಳೆಯಿತು: ಕತ್ತಿಯನ್ನು ಒತ್ತಬಾರದು, ಅದರ ಭಾರವೇ ಸಾಕು, ಅಲಗು ಹೆಚ್ಚುಕಡಿಮೆ ಮಲಗಿರಬೇಕು, ಬೆನ್ನು ಮಾತ್ರ ತುಸು ಎದ್ದಿರಬೇಕು. ಬಲೂನು ಉಳಿಯಿತು. ನೊರೆ ಮಾತ್ರ ಹಾಲಿನ ಕೆನೆಯಂತೆ ಅಲಗಿಗೆ ಬಂತು.

ಆ ಹುರುಪಿನಲ್ಲಿಯೇ ಅವನು ಕನ್ನಡಿಯ ಮುಂದೆ ನಿಂತ. ಬಲಗೆನ್ನೆ ಅರ್ಧದವರೆಗೆ ಚೆನ್ನಾಗಿಯೇ ಆಯಿತು. ಅಲ್ಲಿಂದ ಮುಂದೆ ಮೂವರೂ ಒಟ್ಟಿಗೆ ಮಾತಾಡತೊಡಗಿದರು. ಬೆನ್ನನ್ನು ಇನ್ನೂ ಎತ್ತು ಎಂದ ಎಮಿಲಣ್ಣ. ಮಲಗಿಸು ಎಂದರು ತಾತ. ಚರ್ಮ ಎಳೆದು ಹಿಡಿ ಎಂದರು ಚಿಕ್ಕಮ್ಮ. ಹೇಳಿದ್ದು ಸಾಲದೆಂದು ತಾವೇ ಅವನ ಕಿವಿ ಹಿಡಿದು ಎಳೆದರು. ಕನ್ನಡಿಯಲ್ಲಿ ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಎಡಗೆನ್ನೆಗೆ ಕೈ ಬದಲಾಯಿಸಿದಾಗ ಅವನ ಎಡಗೈ ಹೊಸದಾಗಿ ಕೆಲಸಕ್ಕೆ ಸೇರಿದ ಗುಮಾಸ್ತನಂತೆ ನಡೆದುಕೊಂಡಿತು. ಹೇಳಿದ್ದನ್ನೆಲ್ಲ ವಿರುದ್ಧ ದಿಕ್ಕಿನಲ್ಲಿ ಮಾಡಿತು. ಕತ್ತಿ ಎಷ್ಟು ಹರಿತವಾಗಿತ್ತೆಂದರೆ ಗಾಯವಾದದ್ದು ಅವನಿಗೆ ತಿಳಿಯಲೇ ಇಲ್ಲ. ಕನ್ನಡಿಯಲ್ಲಿ ಕೆಂಪು ಕಂಡಾಗ, ಇದು ಯಾರದೆಂದು ಅವನೇ ಕೇಳಿದ.

"ನಿಂದೇ ಕಣೋ," ಎಂದರು ಕುನೋ ತಾತ ಹೆಮ್ಮೆಯಿಂದ. "ನೋಡಿದೆಯಾ, ನೋವೇ ಗೊತ್ತಾಗಲಿಲ್ಲ. ಅದು ನನ್ನ ಕೈ."

ನೋವು ಗೊತ್ತಾದದ್ದು ಅಡೆಲೆ ಚಿಕ್ಕಮ್ಮ ಪಟಿಕದ ಕಲ್ಲು ಉಜ್ಜಿದಾಗ. ಕೊನೆಗೆ ಮುಖದ ತುಂಬ ತೆಳುಕಾಗದದ ಚೂರುಗಳನ್ನು ಅಂಟಿಸಿಕೊಂಡು, ಹಬ್ಬದ ತೋರಣ ಕಟ್ಟಿದ ಕಂಬದಂತೆ ಅವನು ಮನೆಯಿಂದ ಹೊರಬಿದ್ದ. ಬದಲಾಗದೆ ಉಳಿದಿದ್ದುದು ಒಂದೇ: ಇಂದು ಗಡ್ಡ ತೆಗೆಯಲಾಗದಿದ್ದರೆ ಇರ್ಮೆಲಾ ಇಲ್ಲ.

ತಂತಿಗೆ ಕೋಲು ಚಾಚಿ ಓಡುವ ಟ್ರಾಲಿ ಬಸ್ಸಿನಲ್ಲಿ ಅವನ ಎದುರು ಕೂತ ಮುದುಕನೊಬ್ಬ ಆ ಮುಖವನ್ನು ಬಹಳ ಹೊತ್ತು ಓದಿದ. ಆಮೇಲೆ, ಪಾಪ, ಕಿರ್ಷ್‌ಬಾಮ್ ಮನೆಗೋ ಎಂದು ಕೇಳಿದ. ವೆಂಡೆಲ್ ಹೌದೆಂದ. ಬಸ್ಸಿನಲ್ಲಿದ್ದವರು ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಇಳಿಯುವಾಗ ಚಾಲಕ ಟೋಪಿಗೆ ಕೈ ಮುಟ್ಟಿಸಿದ. ಶವಯಾತ್ರೆ ಹಾದುಹೋಗುವಾಗ ಮಾಡುವಂತೆ.

ಕಿರ್ಷ್‌ಬಾಮ್‌ರ ಮನೆಯಲ್ಲಿ ಕಾಫಿಯ ಮೇಜು ಸಿದ್ಧವಾಗಿತ್ತು. ವಾಫಲ್ ಎಂಬ ಹೃದಯದ ಆಕಾರದ ಸಿಹಿ ದೋಸೆಗಳು, ಬಿಸಿ ಚೆರಿಹಣ್ಣು, ಹಾಲಿನಲ್ಲಿ ಬೇಯಿಸಿದ ಸಿಹಿ ಅನ್ನ, ಕಪ್ಪು ರೊಟ್ಟಿ; ನಡುವೆ ಮೂರು ಕಾಲಿನ ತವರದ ಹೂಜಿ, ಅದರ ನಲ್ಲಿಯಿಂದ ಎಂದಿನಂತೆ ಕಾಫಿ ತೊಟ್ಟು ತೊಟ್ಟಾಗಿ ಸೋರುತ್ತಿತ್ತು. ಯಜಮಾನರು ಕಿಟಕಿಯ ಬಳಿ ಎತ್ತರ ಬೆನ್ನಿನ ಕುರ್ಚಿಯಲ್ಲಿ ಕೂತಿದ್ದರು. ಅವರ ಗಲ್ಲದ ಮೇಲೆ ಬಿಳಿ ಕೂಳೆ ಎದ್ದಿತ್ತು. ವೆಂಡೆಲ್‌ನ ಮುಖ ಕಂಡು ಇರ್ಮೆಲಾ ಬಾಯಿಗೆ ಕೈ ಹಿಡಿದಳು. ಯಜಮಾನರು ಮಾತ್ರ ನಿಧಾನವಾಗಿ ಕಾಗದದ ಚೂರುಗಳನ್ನೆಲ್ಲ ನೋಡಿ ಮುಗಿಸಿದರು.

"ಇದನ್ನ ಮಾಡಿದವರು ಯಾರಯ್ಯ?"

"ನಾನೇ, ಯಜಮಾನರೇ."

ಅವರು ಕೈ ಚಾಚಿದರು. ಕತ್ತಿಯನ್ನು ತೆರೆದು, ಬೆಳಕಿಗೆ ಹಿಡಿದು, ಮುಂಗೈಯ ಕೂದಲ ಮೇಲೆ ತೇಲಿಸಿದರು. ಕೂದಲು ಎಲೆಯಂತೆ ಉದುರಿತು. ಕತ್ತಿ ನಿರಪರಾಧಿ ಎಂದು ತೀರ್ಪು ಕೊಟ್ಟರು. ಹಾಗಾದರೆ ಅಪರಾಧಿ ಯಾರೆಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಸ್ಪಷ್ಟವಾಗಿತ್ತು. ಅವರು ಗೂಟದ ಮೇಲಿನ ಕೋಟನ್ನೊಮ್ಮೆ ನೋಡಿದರು, ಮಗಳನ್ನೊಮ್ಮೆ ನೋಡಿದರು, ಬಾವಿಗೆ ಇಳಿಯುವವನಂತೆ ಉಸಿರು ಎಳೆದುಕೊಂಡು ತಲೆ ಹಿಂದಕ್ಕೆ ವಾಲಿಸಿದರು.

ಇರ್ಮೆಲಾ ಬಿಸಿನೀರಿನಲ್ಲಿ ಹಿಂಡಿದ ವಸ್ತ್ರವನ್ನು ತಂದೆಯ ಮುಖಕ್ಕೆ ಸುತ್ತಿದಳು. ಅದು ತಣ್ಣಗಾಗುವ ಮುನ್ನ ಇನ್ನೊಂದನ್ನು ಸುತ್ತಿದಳು. ಕುಂಚದಿಂದ ನೊರೆ ಎಬ್ಬಿಸಿ, ಗುಂಡಗೆ ಗುಂಡಗೆ ಬಳಿದಳು. ಆಮೇಲೆ ಪಕ್ಕಕ್ಕೆ ಸರಿದು ನಿಂತಳು.

ವೆಂಡೆಲ್ ಕತ್ತಿ ಎತ್ತಿದ. ಇಲ್ಲಿ ಕನ್ನಡಿ ಇರಲಿಲ್ಲ. ಬಲ ಬಲವಾಗಿಯೇ ಇತ್ತು. ಕಿವಿ ಎಳೆಯುವವರು ಇರಲಿಲ್ಲ. ಎಡಗೈ ಚರ್ಮವನ್ನು ಬಿಗಿ ಹಿಡಿಯುವುದಕ್ಕೆ ಬಿಡುವಾಗಿತ್ತು, ಅಷ್ಟು ಕೆಲಸ ಅದಕ್ಕೆ ಬರುತ್ತಿತ್ತು. ಬಿಸಿ ವಸ್ತ್ರಕ್ಕೆ ಕೂಳೆ ನೆನೆದ ಹುಲ್ಲಿನಂತೆ ಮೆತ್ತಗಾಗಿತ್ತು. ಕೂದಲು ಬೆಳೆದ ದಿಕ್ಕಿನಲ್ಲಿ, ಒತ್ತದೆ, ಅಲಗಿನ ಭಾರವನ್ನಷ್ಟೇ ಬಿಟ್ಟುಕೊಟ್ಟು ಅವನು ಮೊದಲ ಗೀರು ಇಳಿಸಿದ. ಆಗ ಕತ್ತಿ ಹಾಡಿತು. ಎರಡೂ ಬದಿ ಒಳಬಾಗುವಂತೆ ಅರೆದ ತೆಳು ಉಕ್ಕು ಒಂದೊಂದು ಕೂಳೆಗೂ ಮಿಡಿದು, ದೂರದ ಜೇನುಗೂಡಿನಂತೆ ಸಣ್ಣಗೆ ಮೊರೆಯಿತು. ವೆಂಡೆಲ್ ತಾನು ಯಾಕೆ ಬಂದಿದ್ದೇನೆಂಬುದನ್ನೇ ಮರೆತ. ಗಲ್ಲದ ಮೇಲೆ ಸ್ವರ ಹೆಚ್ಚು, ಗದ್ದದ ಮೇಲೆ ಕಡಿಮೆ, ಕೊರಳಿನಲ್ಲಿ ಬಹುತೇಕ ಪಿಸುಮಾತು. ಅದು ಹೀಗೇಕೆಂದು ಯೋಚಿಸುತ್ತಲೇ ಅವನು ಗಂಟಲಗಂಟನ್ನು ದಾಟಿದ. ದಾಟಿದ ಮೇಲೆಯೇ ಅದು ಗಂಟಲಗಂಟೆಂದು ಅವನಿಗೆ ಹೊಳೆದದ್ದು.

ಒಂದು ತೊಟ್ಟು ರಕ್ತ ಬರಲಿಲ್ಲ. ಯಜಮಾನರು ಕಣ್ಣು ಮುಚ್ಚಿಕೊಂಡೇ ಕೆನ್ನೆಯನ್ನು ಸವರಿಕೊಂಡರು. ಕೆಳಗಿನಿಂದ ಮೇಲಕ್ಕೆ, ಮತ್ತೆ ಮೇಲಿನಿಂದ ಕೆಳಕ್ಕೆ.

"ಮೂರು ವರ್ಷ ಆಯ್ತು, ಇಂಥ ಕೈ ಮುಖಕ್ಕೆ ಬಿದ್ದು," ಎಂದರು. ಅವರ ಧ್ವನಿ ಒದ್ದೆಯಾಗಿತ್ತು. "ನನ್ನ ಹೆಂಡತಿ ಹೀಗೇ ತೆಗೀತಿದ್ದಳು."

ವೆಂಡೆಲ್ ಕತ್ತಿಯನ್ನು ಒರೆಸುತ್ತಿದ್ದವನು ನಿಲ್ಲಿಸಿದ. ಇಡೀ ಊರಿಗೆ ಕ್ಷೌರದ ಕತ್ತಿ ಅರೆದುಕೊಟ್ಟ ಮನುಷ್ಯ ಇವರು. ಹೆಂಡತಿ ಬದುಕಿದ್ದ ತನಕ ಅವರ ಗಡ್ಡವನ್ನು ಆಕೆ ತೆಗೆಯುತ್ತಿದ್ದಳು. ಆಕೆ ಹೋದ ಮೇಲೆ ದಿನಾ ಬೆಳಗ್ಗೆ ಎದ್ದು ಆ ಕೆಲಸ ಮಾಡುವುದು ಇರ್ಮೆಲಾಳ ಪಾಲಿಗೆ ಬಂದಿತ್ತು. ಅವರು ಒಂದು ದಿನವೂ ತಮ್ಮ ಕೈಯಾರೆ ಗಡ್ಡ ತೆಗೆದುಕೊಂಡವರಲ್ಲ. ಇದನ್ನೆಲ್ಲ ಅವರು ಯಾವ ಸಂಕೋಚವೂ ಇಲ್ಲದೆ ಹೇಳಿದರು. ವೆಂಡೆಲ್‌ನಿಗೆ ಕುತೂಹಲ ತಡೆಯಲಿಲ್ಲ.

"ನೀವೇ ಯಾಕೆ ತೆಗೆದುಕೊಳ್ಳಲಿಲ್ಲ, ಯಜಮಾನರೇ?"

"ಅದು ಎಷ್ಟು ಹರಿತ ಅಂತ ನನಗೆ ಗೊತ್ತಲ್ಲಯ್ಯ," ಎಂದರು ಕಿರ್ಷ್‌ಬಾಮ್.

ಅವರು ಎದ್ದು ಅವನನ್ನು ತಬ್ಬಿಕೊಂಡರು. ಕೆನ್ನೆಗೆ ಕೆನ್ನೆ ತಾಗಿ ಎರಡು ಕಾಗದದ ಚೂರುಗಳು ಅವರ ಮುಖಕ್ಕೆ ಅಂಟಿದವು. ಮಗಳನ್ನು ಕೊಟ್ಟಿದ್ದೇನೆ ಎಂದರು. ಇನ್ನು ಯಾರು ಬಂದು ಕೇಳಿದರೂ ಕೊಡುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ವೆಂಡೆಲ್‌ನ ತಟ್ಟೆಗೆ ದೋಸೆ ಬಿತ್ತು, ದೋಸೆಯ ಮೇಲೆ ಚೆರಿಹಣ್ಣು ಬಿತ್ತು. ಅವನು ಧೈರ್ಯ ತಂದುಕೊಂಡು, ಹಾಗಾದರೆ ಮದುವೆಯ ದಿನ ಯಾವುದೆಂದು ಕೇಳಿದ.

"ಮದುವೆಗೇನು ಅವಸರ? ಬರೋ ವಸಂತದಲ್ಲಿ ನೋಡೋಣ, ಇಲ್ಲಾಂದ್ರೆ ಅದರಾಚೆ ವಸಂತದಲ್ಲಿ," ಎಂದರು ಯಜಮಾನರು ರೊಟ್ಟಿಗೆ ಬೆಣ್ಣೆ ಹಚ್ಚುತ್ತಾ. "ಗಡ್ಡ ಮಾತ್ರ ನಾಳೆಯಿಂದ. ಬೆಳಗ್ಗೆ ಆರಕ್ಕೆ. ನನಗೆ ತಡವಾದರೆ ಆಗೋದಿಲ್ಲ."

ಆರಕ್ಕೆ ಇಲ್ಲಿರಬೇಕಾದರೆ ಕತ್ತಲಲ್ಲಿ ಹೊರಡುವ ಮೊದಲ ಬಸ್ಸನ್ನೇ ಹಿಡಿಯಬೇಕು. ವೆಂಡೆಲ್ ಇರ್ಮೆಲಾಳ ಕಡೆ ನೋಡಿದ. ಎರಡು ವರ್ಷದಿಂದ ಕಾದವಳು. ವಸಂತದ ಮಾತಿಗೆ ಅವಳಾದರೂ ಸಿಡಿಯುತ್ತಾಳೆಂದು ಅವನ ನಂಬಿಕೆ. ಅವಳು ತುಟಿಯನ್ನು ಒರೆಸಿಕೊಂಡು ಎದ್ದು ತನ್ನ ಕೋಣೆಗೆ ಹೋದಳು. ಬಂದಾಗ ಅವಳ ಕೈಯಲ್ಲಿ ತಲೆಯ ಮೇಲೆ ಜೋಡಿ ಗಂಟೆಗಳಿದ್ದ ಅಲಾರಂ ಗಡಿಯಾರವೊಂದಿತ್ತು. ಅದಕ್ಕೆ ಪೂರ್ತಿ ಕೀಲಿ ಕೊಟ್ಟು, ಅವನ ಕಾಫಿಯ ಬಟ್ಟಲ ಪಕ್ಕದಲ್ಲಿ ಇಟ್ಟಳು.

"ನಾಳೆಯಿಂದ ಇದು ನನಗೆ ಬೇಡ," ಎಂದಳು. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ವೆಂಡೆಲ್ ಹಿಂದೆಂದೂ ಕಂಡಿರಲಿಲ್ಲ.